ಗಾಲಿ ಮನೆಯ ಈಶಾನ್ಯ ಮೂಲೆ

ಇದನ್ನು ಬರೆಯುತ್ತೇನೆ ಎಂದು ಅತ್ತೆಗೆ ಹೇಳಿದಾಗ ಅವರು ಬಿಡಿಸುತ್ತಿದ್ದ ಅವರೆಕಾಯಿಯಿಂದ ತಲೆ ಎತ್ತಲಿಲ್ಲ. "ಬರ್ಕೊ. ಹೆಸ್ರು ಮಾತ್ರ ಹಾಕ್ಬ್ಯಾಡ" ಎಂದರು. ಇನ್ನೊಂದು ಕಾಯಿ ಬಿಡಿಸಿ, "ನಂದೊಂದೇ ಅಲ್ಲ, ಯಾರ್ದೂ ಹಾಕ್ಬ್ಯಾಡ. ಒಬ್ರುದು ಗೊತ್ತಾದ್ರೆ ಮಿಕ್ಕೋರ್ದೆಲ್ಲ ತಾನಾಗೇ ಗೊತ್ತಾಯ್ತದೆ" ಎಂದು ಸೇರಿಸಿದರು. ಆದ್ದರಿಂದ ಇಲ್ಲಿ ಯಾರಿಗೂ ಹೆಸರಿಲ್ಲ. ನಾನು ಮೈಸೂರಿನ ದಟ್ಟಗಳ್ಳಿಯಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ರವಿಕೆ ಹೊಲಿಯುವವಳು. ನಮ್ಮ ಯಜಮಾನರು ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ರಿಟೈರಾದವರು. ಅತ್ತೆ ಅವರ ತಾಯಿ. ಇಷ್ಟು ಸಾಕು.

ರಿಟೈರಾದ ಗಂಡಸರಿಗೆ ಒಂದಲ್ಲ ಒಂದು ಹುಚ್ಚು ಹಿಡಿಯುತ್ತದೆ. ಎದುರುಮನೆಯ ಮೇಷ್ಟ್ರಿಗೆ ವಾಸ್ತು ಹಿಡಿಯಿತು. ನಮ್ಮವರಿಗೆ ಕೆಸರೆಯ ಗುಜರಿ ಹಿಡಿಯಿತು. ಬೆಳಿಗ್ಗೆ ತಿಂಡಿ ತಿಂದು ತಮ್ಮ ಹಳೆಯ ಜೀಪು ಹತ್ತಿ ಹೋದರೆ ಮಧ್ಯಾಹ್ನ ಊಟದ ಹೊತ್ತಿಗೆ ಯಾವುದೋ ತುಕ್ಕು ಹಿಡಿದ ಸಾಮಾನನ್ನು ಎಳೆಗೂಸಿನ ಹಾಗೆ ಎತ್ತಿಕೊಂಡು ಬರುತ್ತಿದ್ದರು. ರೆಕ್ಕೆಯಿಲ್ಲದ ಫ್ಯಾನು, ಮುಳ್ಳಿಲ್ಲದ ಗಡಿಯಾರ, ಯಾವ ಬೀಗಕ್ಕೂ ಸೇರದ ಬೀಗದ ಕೈಗಳ ಗೊಂಚಲು. ಒಂದು ದಿನ ಬರಿಗೈಯಲ್ಲಿ ಬಂದರು, ಮುಖದಲ್ಲಿ ಮಾತ್ರ ಹಬ್ಬದ ಕಳೆ. ನನಗೆ ಆಗಲೇ, ಕೈಯಲ್ಲಿ ಎತ್ತಲಾಗದಂಥದ್ದನ್ನು ಏನೋ ನೋಡಿ ಬಂದಿದ್ದಾರೆ ಎಂದು ಗೊತ್ತಾಯಿತು.

ಮರುದಿನ ಅದು ಜೀಪಿನ ಹಿಂದೆ ಕಟ್ಟಿಸಿಕೊಂಡು ನಮ್ಮ ಬೀದಿಗೆ ಬಂತು. ಎರಡು ಚಕ್ರ, ಗುಂಡಗಿನ ಬೆನ್ನು, ಮಾಸಿದ ಅಲ್ಯೂಮಿನಿಯಂ ಮೈ, ಒಂದು ಬಾಗಿಲು, ನಾಲ್ಕು ಕಿಟಕಿ. ಬೀದಿಯ ಮಕ್ಕಳು ಮೊಟ್ಟೆ ಗಾಡಿ ಮೊಟ್ಟೆ ಗಾಡಿ ಎಂದು ಕೂಗಿಕೊಂಡು ಹಿಂದೆ ಓಡಿದವು. ಅದರ ಸರಿಯಾದ ಹೆಸರು ಕ್ಯಾರವಾನ್ ಅಂತೆ. ವಾಹನದ ಹಿಂದೆ ಕಟ್ಟಿಕೊಂಡು ಊರೂರು ತಿರುಗುವ, ಒಳಗೇ ಉಣ್ಣುವ, ಮಲಗುವ ಮನೆ. ಅತ್ತೆ "ಗಾಲಿ ಮನೆ" ಎಂದರು, ಆ ಹೆಸರೇ ನಿಂತಿತು. ನಮ್ಮ ಮನೆಯ ಪಕ್ಕದ ಖಾಲಿ ಸೈಟಿನಲ್ಲಿ ಅದನ್ನು ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟರು.

ಅದರ ಪೂರ್ವಚರಿತ್ರೆಯನ್ನು ಗುಜರಿಯವನು ಮೂರು ಸಲ ಹೇಳಿದ್ದ. ಮೊದಲ ಸಲ ಅದು ಬೇಟೆಗೆ ಹೋಗುತ್ತಿದ್ದ ಯಾವುದೋ ದೊರೆಯದು. ಎರಡನೆಯ ಸಲ ಸಿನಿಮಾ ನಾಯಕಿಯೊಬ್ಬಳು ಮೇಕಪ್ ಮಾಡಿಕೊಳ್ಳುತ್ತಿದ್ದದ್ದು. ಮೂರನೆಯ ಸಲ ದೇಶ ಸುತ್ತಲು ಬಂದ ಬಿಳಿಯ ಗಂಡ ಹೆಂಡತಿ ಜಗಳವಾಡಿಕೊಂಡು ಇಲ್ಲೇ ಬಿಟ್ಟುಹೋದದ್ದು. ನಮ್ಮವರು ಮೂರನ್ನೂ ನಂಬಿದ್ದರು. "ಒಂದಾದ್ಮೇಲೆ ಒಂದು ಆಗಿರ್ಬೋದಲ್ವೇನೇ?" ಎಂದು ನನ್ನನ್ನೇ ಕೇಳಿದರು.

ನಾನು ಒಳಗೆ ಇಣುಕಿ ನೋಡಿ ಮೂಗು ಮುಚ್ಚಿಕೊಂಡೆ. ಒದ್ದೆ ಗೋಣಿಚೀಲದ ವಾಸನೆ. ಗೋಡೆಯ ಪ್ಲೈವುಡ್ಡನ್ನು ಬೆರಳಿನಿಂದ ಒತ್ತಿದರೆ ಟೀಯಲ್ಲಿ ಅದ್ದಿದ ಬನ್ನಿನಂತೆ ಒಳಕ್ಕೆ ಹೋಯಿತು. ಮಂಚದ ಹಲಗೆಯ ಕೆಳಗೆ ಇಲಿಗಳ ನಾಲ್ಕು ತಲೆಮಾರು ಸಂಸಾರ ಮಾಡಿತ್ತು. "ಇದನ್ನು ಬಿಚ್ಚಿ ಪಾತ್ರೆಯವನಿಗೆ ಹಾಕಿ" ಎಂದೆ. ನಾನು ಹಾಗೆ ಅಂದದ್ದು ಸುಮ್ಮನೆ ಬೈಗುಳಕ್ಕಲ್ಲ, ನಿಜವಾಗಿಯೂ ಅದೇ ನನ್ನ ಅಭಿಪ್ರಾಯವಾಗಿತ್ತು.

ಅದನ್ನು ಬದಲಿಸಿದವರು ಅತ್ತೆ. ಅದಕ್ಕೆ ಮೊದಲು ಅವರ ಅಕ್ಕನ ವಿಷಯ ಹೇಳಬೇಕು.

ಅತ್ತೆಯ ಅಕ್ಕ ಅರಸೀಕೆರೆಯಲ್ಲಿ ಮಗನ ಮನೆಯಲ್ಲಿದ್ದಾರೆ. ನಾವು ದೊಡ್ಡತ್ತೆ ಅನ್ನುತ್ತೇವೆ. ಅಕ್ಕ ತಂಗಿ ಮುಖ ನೋಡಿ ಏಳು ವರ್ಷವಾಗಿತ್ತು. ಹಾಗೆಂದು ಜಗಳವೇನಿಲ್ಲ. ದಿನಾ ಸಂಜೆ ನಾಲ್ಕು ಗಂಟೆಗೆ ಫೋನು. ಏನು ಸಾರು, ಯಾರ ಮನೆಯಲ್ಲಿ ಮದುವೆ, ಯಾವ ಸೊಸೆ ಏನಂದಳು ಎಂಬುದೆಲ್ಲ ಮುಕ್ಕಾಲು ಗಂಟೆ ನಡೆಯುತ್ತಿತ್ತು. ನನ್ನ ಮೇಲಿನ ದೂರುಗಳನ್ನು ನಾನು ಹೊಲಿಗೆ ಮಿಷನ್ ನಿಲ್ಲಿಸಿಯೇ ಕೇಳಿಸಿಕೊಳ್ಳುತ್ತಿದ್ದೆ. ಆಮೇಲೆ ದೊಡ್ಡತ್ತೆಯ ಕಿವಿ ಮಂದವಾಗುತ್ತಾ ಬಂತು. ಇಲ್ಲಿ ಅತ್ತೆ ಕಿರುಚುವರು, ಅಲ್ಲಿ ಅವರು "ಲೈನ್ ಸರಿಯಿಲ್ಲ ಕಣವ್ವ" ಅನ್ನುವರು. ಕಿವಿಗೆ ಮಿಷನ್ ತಂದುಕೊಟ್ಟರೆ ಒಳಗೆ ಜೀರುಂಡೆ ಕೂತಂಗಾಯ್ತದೆ ಎಂದು ಡಬ್ಬಿಗೆ ಹಾಕಿಟ್ಟರು. ವಿಡಿಯೋ ಕಾಲ್ ಮಾಡಿಸಿದೆವು. ಅತ್ತೆಗೆ ಅರ್ಧ ಗಂಟೆ ಅರಸೀಕೆರೆಯ ಸೀಲಿಂಗ್ ಫ್ಯಾನು ಕಂಡಿತು. ಕೊನೆಗೆ ನಾಲ್ಕು ಗಂಟೆಯ ಫೋನು ನಿಂತೇಹೋಯಿತು. ಆ ಹೊತ್ತಿಗೆ ಅತ್ತೆ ಸುಮ್ಮನೆ ಫೋನನ್ನು ಮಡಿಲಲ್ಲಿ ಇಟ್ಟುಕೊಂಡು ಕೂರುತ್ತಿದ್ದರು. ನನ್ನ ಮೇಲೆ ದೂರು ಹೇಳುವವರಿಲ್ಲದೆ ಮನೆ ಬಿಕೋ ಅನ್ನಿಸಿತು, ಸುಳ್ಳಲ್ಲ.

"ನಡಿಯವ್ವ, ಜೀಪಲ್ಲಿ ಕರ್ಕೊಂಡು ಹೋಗ್ತೀನಿ" ಎಂದು ಮಗ ಎಷ್ಟು ಸಲ ಕರೆದರೂ ಅತ್ತೆ ಹೊರಡುತ್ತಿರಲಿಲ್ಲ. ಒಂದು ಸಲ ಸೊಂಟ, ಒಂದು ಸಲ ಬಿಸಿಲು, ಒಂದು ಸಲ ಅಮಾವಾಸ್ಯೆ. ದೊಡ್ಡತ್ತೆಯನ್ನು ಮೈಸೂರಿಗೆ ಕರೆದರೆ ಅವರಿಗೂ ಸೊಂಟ, ಬಿಸಿಲು, ಅಮಾವಾಸ್ಯೆ. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು, ನೆಪಗಳೂ ಒಂದೇ ಅಂಗಡಿಯವು. ಅತ್ತೆಗೆ ಇನ್ನೊಂದು ಅಭ್ಯಾಸವಿತ್ತು. ಮನೆ ಬಿಟ್ಟು ಹೊರಟರೆ ಒಂದು ತೊಟ್ಟು ನೀರು ಕುಡಿಯುತ್ತಿರಲಿಲ್ಲ. ಛತ್ರದಲ್ಲಿ ಮದುವೆ ಊಟ ಮಾಡಿದರೂ ನೀರಿನ ಲೋಟ ಹಾಗೇ ಉಳಿಯುತ್ತಿತ್ತು. ಕಂಡವರ ನೀರು ಆಗಿಬರುವುದಿಲ್ಲ ಎಂದು ನಾನು ತಿಳಿದುಕೊಂಡಿದ್ದೆ.

ಗಾಲಿ ಮನೆ ಬಂದ ದಿನ ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಮಗನ ಭುಜ ಹಿಡಿದು ಒಳಗೆ ಹತ್ತಿದರು. ಮಂಚ ನೋಡಲಿಲ್ಲ, ಒಲೆ ಇಡುವ ಕಟ್ಟೆ ನೋಡಲಿಲ್ಲ. ಮೂಲೆಯಲ್ಲಿ ಬೀರುವಿನಷ್ಟೇ ಅಗಲದ ಒಂದು ಬಾಗಿಲಿತ್ತು. ಅದನ್ನು ತೆಗೆದು ನೋಡಿದರು. ಒಳಗೆ ಕೂರುವ ಎತ್ತರದ ಒಂದು ಪುಟ್ಟ ಕಕ್ಕಸು, ಅದರ ಮೇಲೊಂದು ಗಾಳಿಕಿಂಡಿ. ಅತ್ತೆ ಬಾಗಿಲು ಹಿಡಿದುಕೊಂಡು ತುಂಬ ಹೊತ್ತು ನಿಂತರು. ಗಲೀಜು ನೋಡಿ ಅಸಹ್ಯಪಡುತ್ತಿದ್ದಾರೆ ಅಂದುಕೊಂಡೆ. ಇಳಿದು ಬಂದು, "ಇದ್ರಲ್ಲಿ ಅರಸೀಕೆರೆಗೆ ಹೋಗ್ಬೋದಾ?" ಎಂದು ಕೇಳಿದರು. ಮಗ ಬಾಯಿ ಬಿಟ್ಟುಕೊಂಡು ನೋಡಿದರು. "ಹೋಗ್ಬೋದಾ ಅಂದ್ರೆ? ಸಂಕ್ರಾಂತಿಗೆ ಎಳ್ಳು ಬೀರೋಕೆ ಅಲ್ಲೇ ಇರ್ತೀಯ ಬುಡವ್ವ" ಎಂದರು.

ಮಾತು ಕೊಟ್ಟಾಗಿತ್ತು. ಆಗ ದಸರಾ ಗದ್ದಲ ಮುಗಿದು ಒಂದು ವಾರವಾಗಿತ್ತಷ್ಟೆ. ಕೆಲಸ ಹಂಚಿಕೊಂಡೆವು. ಚಕ್ರ, ಬ್ರೇಕು, ಕೊಂಡಿ, ಆರ್‌ಟಿಒ ಆಫೀಸಿಗೆ ಅಲೆದು ಕಾಗದಪತ್ರ ಮಾಡಿಸುವುದು ಅವರದು. ಒಳಗಿನದೆಲ್ಲ ನನ್ನದು. ಮರಗೆಲಸಕ್ಕೆ ಕೆಸರೆಯಿಂದ ಒಬ್ಬ ಆಚಾರ್ರು ಬಂದರು. ವಯಸ್ಸು ಎಪ್ಪತ್ತರ ಹತ್ತಿರ. ದೇವರ ಮನೆ ಬಾಗಿಲು ಮಾಡುವುದರಲ್ಲಿ ಅವರದು ಎತ್ತಿದ ಕೈ. ಏನು ಕೇಳಿದರೂ "ಆಯ್ತದೆ ಬುಡಿ" ಎಂಬುದೇ ಉತ್ತರ. ಆಗದೇ ಇದ್ದಾಗಲೂ ಅದೇ.

ಮೊದಲು ಕಿತ್ತೆವು. ಒಂದು ವಾರ ಬರೀ ಕೀಳುವುದೇ. ಕೊಳೆತ ಪ್ಲೈವುಡ್ಡು, ತುಕ್ಕು ಹಿಡಿದ ಸ್ಕ್ರೂಗಳು, ಪುಡಿಪುಡಿಯಾದ ಸ್ಪಂಜು, ಇಲಿ ಕಡಿದ ವೈರು. ಗೋಡೆಯ ಸಂದಿಯಲ್ಲಿ ಹನ್ನೊಂದು ಹೇರ್‌ಪಿನ್ನು ಸಿಕ್ಕಿದಾಗ ನಮ್ಮವರು ಅವನ್ನು ಅಂಗೈಯಲ್ಲಿಟ್ಟುಕೊಂಡು "ನೋಡ್ದಾ? ನಾಯಕಿ!" ಎಂದು ಕುಣಿದರು. ಕೊನೆಗೆ ಬರೀ ಅಲ್ಯೂಮಿನಿಯಂ ಚಿಪ್ಪು, ಅದಕ್ಕೆ ಮರದ ಪಕ್ಕೆಲುಬುಗಳು ಉಳಿದವು. ಅಲ್ಲಿಗೆ ನನಗೆ ಅದರ ಮೇಲೆ ಸ್ವಲ್ಪ ಪ್ರೀತಿ ಹುಟ್ಟಿತು. ಲೈನಿಂಗ್ ಬಿಚ್ಚಿದ ರವಿಕೆಯನ್ನು ನಾನು ಎಷ್ಟು ನೋಡಿಲ್ಲ? ಹೊರಬಟ್ಟೆ ಚೆನ್ನಾಗಿದ್ದರೆ ಲೈನಿಂಗ್ ಹೊಸದು ಹಾಕಬಹುದು.

ಆಚಾರ್ರು ಹೊಸ ಪ್ಲೈವುಡ್ಡು ತಂದು ತಮ್ಮ ಅಭ್ಯಾಸದಂತೆ ನೆಟ್ಟಗೆ ಕೊಯ್ದು ಗೋಡೆಗೆ ಹಿಡಿದರು. ಮೇಲೆ ತಾಗಿತು, ಕೆಳಗೆ ತಾಗಿತು, ನಡುವೆ ಬೆಕ್ಕು ನುಸುಳುವಷ್ಟು ಸಂದು. ಎರಡನೆಯ ಹಲಗೆ ಕೊಯ್ದರು. ಅದೇ ಸಂದು. ದೂರ ನಿಂತು ಕಣ್ಣು ಕಿರಿದು ಮಾಡಿ ನೋಡಿ, "ಗ್ವಾಡೆ ಸರಿಯಿಲ್ಲ ಕಣಮ್ಮ" ಎಂದು ತೀರ್ಪು ಕೊಟ್ಟರು.

"ಗೋಡೆ ಹಾಗೇ ಇರೋದು ಆಚಾರ್ರೇ, ನಾವು ಅದಕ್ಕೆ ಹೊಂದಬೇಕು" ಎಂದು ನಾನು ಹಳೆಯ ದಿನಪತ್ರಿಕೆ, ಸೀಮೆಸುಣ್ಣ, ಕತ್ತರಿ ತಂದೆ. ಪೇಪರನ್ನು ಗೋಡೆಯ ಬಾಗಿಗೆ ಒತ್ತಿ ಹಿಡಿದು, ರವಿಕೆಯ ಕಂಕುಳಿಗೆ ಶೇಪ್ ತೆಗೆಯುವ ಹಾಗೆ ಅಂಚು ಕತ್ತರಿಸಿದೆ. ಸೊಟ್ಟ ಬಂದಲ್ಲಿ ಇನ್ನೊಂದು ತುಂಡು ಅಂಟಿಸಿದೆ. ಆಚಾರ್ರು ಬೀಡಿ ಹಚ್ಚಿಕೊಂಡು ನಕ್ಕರು. "ಗಾಡಿಗೇನು ಕುಬ್ಸ ಹೊಲಿತೀರಾ?" ಎಂದರು. ನಾನು ಕತ್ತರಿ ಆಡಿಸುತ್ತಲೇ ಇದ್ದೆ. ಆ ಪೇಪರಿನ ಅಳತೆ ಇಟ್ಟು ಕೊಯ್ದ ಹಲಗೆ ಹೋಗಿ ಗೋಡೆಗೆ ಕೂತಾಗ ಅವರು ಬೀಡಿ ಆರಿಸಿ ಮುಂದಿನ ಹಲಗೆ ಎತ್ತಿಕೊಂಡರು.

ಬಾಗಿದ ಕಡೆ ಹಲಗೆ ಬಗ್ಗಬೇಕಿತ್ತು, ಬಗ್ಗಿಸಿದರೆ ಸೀಳುತ್ತಿತ್ತು. ದುಂಡು ಕುತ್ತಿಗೆ ತಿರುಗಿಸುವಾಗ ನಾವು ಒಳಗಡೆ ಚಿಕ್ಕ ಚಿಕ್ಕ ಕಚ್ಚು ಹಾಕುತ್ತೇವೆ, ಇಲ್ಲದಿದ್ದರೆ ಬಟ್ಟೆ ಎಳೆದುಕೊಳ್ಳುತ್ತದೆ. ಅದನ್ನೇ ಹೇಳಿದೆ. ಆಚಾರ್ರು ಹಲಗೆಯ ಬೆನ್ನಿಗೆ ಗರಗಸದಲ್ಲಿ ಬೆರಳಗಲಕ್ಕೊಂದು ಗೀರು ಎಳೆದರು, ಬಿಸಿನೀರಿನ ಬಟ್ಟೆ ಹೊದಿಸಿದರು. ಹಲಗೆ ಮೆತ್ತಗೆ ಬಗ್ಗಿ ಗೋಡೆಯನ್ನು ಅಪ್ಪಿಕೊಂಡಿತು. ಸಂಜೆಯ ಹೊತ್ತಿಗೆ ಅವರು ಎದುರುಮನೆ ಮೇಷ್ಟ್ರಿಗೆ, "ಇದು ನಮ್ಮ ತಾತನ ಕಾಲದ ಕಸುಬು ಸಾ" ಎಂದು ಹೇಳುತ್ತಿದ್ದುದು ಕಿಟಕಿಯಿಂದ ನನಗೆ ಕೇಳಿಸಿತು. ಹೋಗಲಿ, ತಾತನಿಗೂ ಒಂದು ಹೆಸರು ಬರಲಿ ಎಂದು ಸುಮ್ಮನಾದೆ.

ಆಮೇಲಿನದು ಸಲೀಸಾಗಿ ನಡೆಯಿತು. ಮಂಚ, ಅದರ ಕೆಳಗೆ ಎಳೆದರೆ ಈಚೆ ಬರುವ ಇನ್ನೊಂದು ಹಲಗೆ, ಒಂದು ಬರ್ನರಿನ ಒಲೆಗೆ ಕಟ್ಟೆ, ಮುದ್ದೆ ಕೋಲು ನೇತುಹಾಕಲು ಒಂದು ಕೊಕ್ಕೆ. ದೇವರಾಜ ಮೊಹಲ್ಲಾದ ಅಂಗಡಿಯಲ್ಲಿ ನಾನು ರೆಕ್ಸಿನ್ ಆರಿಸಿದ್ದನ್ನು ಅತ್ತೆ "ಬೆವರ್ತದೆ" ಎಂದು ಒಂದೇ ಮಾತಿನಲ್ಲಿ ತೆಗೆದುಹಾಕಿದರು. ಹತ್ತಿ ಬಟ್ಟೆಯಲ್ಲೇ ಹಾಸಿಗೆಯ ಗವಸು ಹೊಲಿದೆ.

ಎಡವಟ್ಟಾಗಿದ್ದು ಮೂಲೆಯ ಆ ಪುಟ್ಟ ಕೋಣೆಯಲ್ಲಿ. ಒಂದು ದಿನ ಮೇಷ್ಟ್ರು ಮೊಬೈಲಿನ ದಿಕ್ಸೂಚಿ ಹಿಡಿದು ಗಾಲಿ ಮನೆಗೆ ಬಂದರು. ಒಳಗೆಲ್ಲ ಒಂದು ಸುತ್ತು ತಿರುಗಿ, ಆ ಬಾಗಿಲ ಮುಂದೆ ನಿಂತು ನಾಲಿಗೆ ಲೊಚಗುಟ್ಟಿದರು. "ಇದು ಈಶಾನ್ಯ ಕಣ್ರೀ. ಈಶಾನ್ಯದಲ್ಲಿ ಪಾಯಿಖಾನೆ! ಮನೆ ಉದ್ಧಾರ ಆಗುತ್ತಾ?" ಎಂದರು. ಆಚಾರ್ರ ಕಣ್ಣು ಮಿಂಚಿತು. ಕಕ್ಕಸಿನ ಬಾಗಿಲು ಮಾಡಲು ಅವರಿಗೆ ಮೊದಲಿನಿಂದಲೂ ಮನಸ್ಸಿರಲಿಲ್ಲ. "ಇಲ್ಲೊಂದು ದೇವರ ಮನೆ ಮಾಡ್ಬುಟ್ರೆ ಎಂಗೆ? ಎರಡು ಕಂಬ, ಒಂದು ತೋರಣ, ಬಾಗ್ಲಿಗೆ ಗಂಟೆ" ಎಂದರು. ನಮ್ಮವರು ಹೊರಗೆ ತಿರುಗಿ ಜೋರಾಗಿ ಕೇಳಿದರು: "ಅವ್ವಾ, ಇಲ್ಲಿ ಕಕ್ಕಸು ಬೇಕೋ, ದೇವರ ಮನೆ ಬೇಕೋ?"

ಅತ್ತೆ ಬಾಗಿಲ ಮೆಟ್ಟಿಲ ಬಳಿ ನಿಂತಿದ್ದರು. ಮೇಷ್ಟ್ರು, ಆಚಾರ್ರು, ಮಗ, ಮೂರೂ ಜನ ಅವರನ್ನೇ ನೋಡುತ್ತಿದ್ದರು. ಅತ್ತೆ ಸೆರಗು ಸರಿಮಾಡಿಕೊಂಡರು. "ದೇವರ ಮನೇನೇ ಮಾಡಿ" ಎಂದು ಹೇಳಿ ನಮ್ಮ ಮನೆಯೊಳಗೆ ಹೋದರು. ನಾನೂ ಅಲ್ಲೇ ಟೇಪು ಹಿಡಿದುಕೊಂಡು ನಿಂತಿದ್ದೆ. ನಿಜ ಹೇಳುತ್ತೇನೆ, ಆ ಕ್ಷಣ ನನ್ನ ತಲೆಯಲ್ಲಿ ಇದ್ದದ್ದು ದೇವರ ಮನೆಯ ಪರದೆಗೆ ಯಾವ ಜರಿ ಹಾಕಲಿ ಎಂಬುದೊಂದೇ.

ಹಳೆಯ ಕಕ್ಕಸು ಕೆಸರೆಯ ಗುಜರಿಗೇ ವಾಪಸಾಯಿತು. ಆಚಾರ್ರು ಹದಿನೈದು ದಿನ ಉಸಿರು ಬಿಗಿಹಿಡಿದು ಕಂಬ ಕೆತ್ತಿದರು. ಅಂಗೈಯಗಲದ ತೋರಣ, ಒಂದು ಜೋಡಿ ಗಿಳಿ, ಬಾಗಿಲಿಗೆ ಒಂಬತ್ತು ಗಂಟೆ. ನಾನು ಪರದೆಗೆ ಗಿರಾಕಿಯೊಬ್ಬರು ಬಿಟ್ಟುಹೋದ ಧರ್ಮಾವರದ ತುಂಡು ಹಚ್ಚಿದೆ. ಬೀದಿಯ ಹೆಂಗಸರೆಲ್ಲ ಬಂದು ನೋಡಿ ಹೊಗಳಿದರು. ಅತ್ತೆಯೂ ಬಂದು ಕೈಮುಗಿದರು. ಆಮೇಲೆ ಅವರು ಗಾಲಿ ಮನೆಯ ಕಡೆ ಬರುವುದೇ ಕಡಿಮೆಯಾಯಿತು. ಹಸಿ ವಾರ್ನಿಷ್ ವಾಸನೆಗೆ ಇರಬೇಕು ಅಂದುಕೊಂಡೆ. ನನ್ನದು ಬರೀ ಅಂದುಕೊಳ್ಳುವುದೇ ಆಯಿತು.

ಸಂಕ್ರಾಂತಿಗೆ ಆರು ದಿನವಿತ್ತು. ಜೀಪಿಗೆ ಕೊಂಡಿ ಹಾಕಿ ಗಾಲಿ ಮನೆಯನ್ನು ಮೊದಲ ಸಲ ಬೀದಿಗೆ ಎಳೆದೆವು. ತಿರುವಿನಲ್ಲಿ ಒಂಬತ್ತು ಗಂಟೆಯೂ ಒಟ್ಟಿಗೆ ಬಾರಿಸಿದವು, ಎಲ್ಲರೂ ಚಪ್ಪಾಳೆ ತಟ್ಟಿದರು. ಬೀದಿಯ ಕೊನೆ ಮುಟ್ಟುವಷ್ಟರಲ್ಲಿ ಮೇಷ್ಟ್ರು ಮೊಬೈಲು ನೋಡಿಕೊಂಡು ಹಿಂದೆ ಓಡುತ್ತಿದ್ದರು. "ನಿಲ್ಲಿಸ್ರೀ! ದೇವರು ಆಗ್ನೇಯಕ್ಕೆ ಬಂದ್ಬಿಟ್ರು!" ಎಂದರು. ಮುಂದಿನ ತಿರುವಿನಲ್ಲಿ ನೈಋತ್ಯಕ್ಕೆ ಹೋದರು. ಗಾಲಿ ಇರುವ ಮನೆಗೆ ಈಶಾನ್ಯ ಒಂದೇ ಕಡೆ ನಿಲ್ಲುವುದಿಲ್ಲ ಎಂಬುದು ವಾಸ್ತು ಬಲ್ಲ ಮೇಷ್ಟ್ರಿಗೂ, ಡಿಪೋದಲ್ಲಿ ಮೂವತ್ತು ವರ್ಷ ಗಾಲಿ ತಿರುಗಿಸಿದ ನಮ್ಮವರಿಗೂ, ನನಗೂ ಮೂರು ತಿಂಗಳಲ್ಲಿ ಒಂದು ದಿನವೂ ಹೊಳೆದಿರಲಿಲ್ಲ. ಆಚಾರ್ರು ಮಾತ್ರ ಧೃತಿಗೆಡಲಿಲ್ಲ. "ಊರಿಂದ ವಾಪಸ್ ಬಂದು ನಿಂತ್ಕಂಡಾಗ ಸರಿಯಾಯ್ತದೆ ಬುಡಿ" ಎಂದರು.

ನಾವು ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡು ಮನೆಗೆ ಬಂದರೆ ಅತ್ತೆ ಜಗಲಿಯಲ್ಲಿ ಕೂತಿದ್ದರು. "ನಾನು ಬರಾಕಿಲ್ಲ. ನೀವಿಬ್ರೂ ಹೋಗ್ಬನ್ನಿ" ಎಂದರು.

ಮಗ ಕುದಿದುಹೋದರು. "ಮೂರು ತಿಂಗ್ಳು ನಿನಗೋಸ್ಕರ ಸತ್ತಿದೀನಿ ಕಣವ್ವ! ಮಂಚ ಕೇಳ್ದೆ, ಮಾಡ್ಸಿದೆ. ಒಲೆ ಕೇಳ್ದೆ, ಮಾಡ್ಸಿದೆ. ಇನ್ನೇನು ಬೇಕು ನಿಂಗೆ?" ಎಂದು ಕೂಗಾಡಿದರು. ಅತ್ತೆ "ಸೊಂಟ" ಎಂದರು. ಅವರು ದಡದಡ ಹೊರಗೆ ಹೋದರು. ನನಗೂ ಸಿಟ್ಟು ಬಂದಿತ್ತು. ಅಕ್ಕನನ್ನು ನೋಡಬೇಕೆಂದು ಕಣ್ಣಲ್ಲಿ ನೀರು ತುಂಬಿಕೊಳ್ಳುವವರೂ ಇವರೇ, ಗಾಡಿ ಬಾಗಿಲಿಗೆ ಬಂದಾಗ ಸೊಂಟ ಅನ್ನುವವರೂ ಇವರೇ. ಮುಖ ಕೊಟ್ಟು ಮಾತಾಡಲಿಲ್ಲ.

ಮಧ್ಯಾಹ್ನ ಪರದೆಯ ಒಂದು ಹೊಲಿಗೆ ಬಿಟ್ಟಿತ್ತೆಂದು ಸೂಜಿ ದಾರ ತೆಗೆದುಕೊಂಡು ಗಾಲಿ ಮನೆಗೆ ಹೋದರೆ ಅಲ್ಲಿ ಅತ್ತೆ ಒಬ್ಬರೇ ಕೂತಿದ್ದರು, ದೇವರ ಮನೆಯ ಬಾಗಿಲನ್ನೇ ನೋಡುತ್ತಾ.

"ಇಲ್ಲಿ ಮೊದ್ಲು ಅದಿತ್ತಲ್ಲ" ಎಂದರು.

"ಯಾವುದು?"

"ಅದೇ."

ನಾನು ಸೂಜಿಗೆ ದಾರ ಹಾಕುತ್ತಿದ್ದವಳು ನಿಲ್ಲಿಸಿದೆ.

"ಅದ್ನ ನೋಡೇ ಕಣವ್ವ ನಾನು ಬತ್ತೀನಿ ಅಂದಿದ್ದು."

ಆಮೇಲೆ ನಿಧಾನವಾಗಿ ಹೇಳಿದರು. ಏಳು ವರ್ಷದ ಹಿಂದೆ ಅರಸೀಕೆರೆಯಿಂದ ಒಬ್ಬರೇ ಬಸ್ಸಿನಲ್ಲಿ ಬಂದಿದ್ದರು. ದಾರಿಯಲ್ಲಿ ಬಸ್ಸು ನಿಂತ ಕಡೆ ಹೆಂಗಸರ ಕಕ್ಕಸಿಗೆ ಬೀಗ ಹಾಕಿತ್ತು. ಕಂಡಕ್ಟರಿಗೆ ಹೇಳಲು ಬಾಯಿ ಬರಲಿಲ್ಲ. ವಯಸ್ಸಾದ ದೇಹ, ತಡೆಯಲಾಗಲಿಲ್ಲ. ಕೂತಲ್ಲೇ ಆಗಿಹೋಯಿತು. ಮೈಸೂರು ಬರುವವರೆಗೂ ಸೀಟಿನಿಂದ ಅಲ್ಲಾಡದೆ, ಎಲ್ಲರೂ ಇಳಿದ ಮೇಲೆ, ಚೀಲವನ್ನು ಹಿಂದೆ ಹಿಡಿದುಕೊಂಡು ಇಳಿದಿದ್ದರು.

ಆ ದಿನ ನನಗೆ ನೆನಪಿತ್ತು. ಬಂದವರೇ ಸೀರೆಯನ್ನು ತಾವೇ ಒಗೆದು ಹಾಕಿದ್ದರು, ಬಸ್ಸಿನ ಸೀಟಿನಲ್ಲಿ ಎಣ್ಣೆಯಿತ್ತು ಎಂದಿದ್ದರು. ಮರುದಿನ ಅದೇ ಸೀರೆಯನ್ನು ನನ್ನ ಮಿಷನ್ ಮೇಲಿಟ್ಟು "ಇದ್ನ ಹರ್ದು ಒರ್ಸೋ ಬಟ್ಟೆ ಮಾಡ್ಕೊ" ಎಂದಿದ್ದರು. ಒಳ್ಳೆಯ ಗಟ್ಟಿ ಸೀರೆ. ದುಡ್ಡಿನ ಬೆಲೆ ಗೊತ್ತಿಲ್ಲ ನಿಮಗೆ ಎಂದು ನಾನು ಗೊಣಗಿದ್ದೆ. ಆ ಗೊಣಗಾಟ ಏಳು ವರ್ಷದ ಮೇಲೆ ನನ್ನ ಕಿವಿಗೇ ಬಂದು ಬಡಿಯಿತು. ನನಗೆ ತುಂಬ ನಾಚಿಕೆಯಾಯಿತು. ಇಡೀ ಬೀದಿಯ ಹೆಂಗಸರ ಅಳತೆ ಬಾಯಿಪಾಠ ಇರುವವಳಿಗೆ ಮನೆಯಲ್ಲಿರುವ ಮುದುಕಿ ಏಕೆ ನೀರು ಕುಡಿಯುವುದಿಲ್ಲ ಎಂಬುದು ಗೊತ್ತಿರಲಿಲ್ಲ.

"ಮತ್ತೆ ಅವತ್ತು ಕೇಳಿದಾಗ ದೇವರ ಮನೆ ಅಂದಿರಲ್ಲ ಅತ್ತೆ?" ಎಂದೆ.

"ಅಷ್ಟು ಗಂಡಸ್ರ ಮುಂದೆ, ದೇವರು ಬ್ಯಾಡ, ಕಕ್ಕಸು ಬೇಕು ಅಂತ ಎಂಗವ್ವ ಅನ್ನದು?" ಎಂದರು.

ನಾನು ಸೂಜಿ ಇಟ್ಟು ಸ್ಕ್ರೂಡ್ರೈವರ್ ಎತ್ತಿಕೊಂಡೆ.

ಮೊದಲ ಕಂಬ ಬಿಚ್ಚುವಷ್ಟರಲ್ಲಿ ಆಚಾರ್ರು ಬಂದರು. ಎರಡು ಕೈಯನ್ನೂ ತಲೆಯ ಮೇಲಿಟ್ಟುಕೊಂಡರು. "ದೇವರ ಮನೆ ಕೀಳ್ತಾರಾ ಕಣಮ್ಮ? ನನ್ನ ಕೈಲಾಗಾಕಿಲ್ಲ" ಎಂದರು. ಮೂರು ತಿಂಗಳಲ್ಲಿ ಅವರ ಬಾಯಿಂದ ಆಗುವುದಿಲ್ಲ ಎಂಬ ಮಾತು ಬಂದದ್ದು ಅದೊಂದೇ ಸಲ. "ದೇವರನ್ನು ಇನ್ನೂ ಕೂರಿಸಿಲ್ಲ ಆಚಾರ್ರೇ, ಈಗಿದು ಬರೀ ಬೀರು" ಎಂದೆ. ಅಷ್ಟರಲ್ಲಿ ನಮ್ಮವರೂ ಓಡಿ ಬಂದರು, ಹಿಂದೆಯೇ ಮೇಷ್ಟ್ರು.

"ತಲೆ ಕೆಟ್ಟಿದೆಯೇನೇ ನಿನಗೆ?"

"ನನಗೆ ಶುಗರ್ ಇದೆ" ಎಂದೆ.

ಮೇಷ್ಟ್ರು ಎರಡು ಹೆಜ್ಜೆ ಹಿಂದೆ ಸರಿದರು.

"ಒಂದು ಗಂಟೆಗೆ ಮೂರು ಸಲ ಹೋಗಬೇಕು ನನಗೆ. ದಾರಿಯಲ್ಲಿ ಎಲ್ಲಿಗೆ ಹೋಗಲಿ? ಕಕ್ಕಸು ಇಲ್ಲದಿದ್ದರೆ ನಾನು ಬರುವುದಿಲ್ಲ."

ನನಗೆ ಶುಗರ್ ಇಲ್ಲ. ಬೆಳಿಗ್ಗೆ ತಾನೆ ಎರಡು ಹೋಳಿಗೆ ತಿಂದಿದ್ದೆ, ನಮ್ಮವರು ನೋಡಿಯೂ ಇದ್ದರು. ಆದರೆ ಹೆಂಗಸರ ಕಾಯಿಲೆ ಎಂದರೆ ಗಂಡಸರು ಮುಂದೆ ಪ್ರಶ್ನೆ ಕೇಳುವುದಿಲ್ಲ. ಅತ್ತೆ ಒಂದು ನಿಮಿಷ ನನ್ನ ಮುಖ ನೋಡಿದರು. ಆಮೇಲೆ ಸೊಂಟದ ಮೇಲೆ ಕೈಯಿಟ್ಟುಕೊಂಡು ಶುರುಮಾಡಿದರು ನೋಡಿ: "ಈಗಿನ ಕಾಲದೋರ್ಗೆ ಒಂದು ಗಳಿಗೆ ತಡ್ಕಳಾಕಾಗಾಕಿಲ್ಲ! ನಮ್ಮ ಕಾಲ್ದಲ್ಲಿ ಇಂಗಿತ್ತಾ? ದೇವರ ಮನೆ ಕೀಳ್ಸಿ ಕಕ್ಕಸು ಕಟ್ಟುಸ್ತಾಳಂತೆ, ನಾಚ್ಕೆ ಇಲ್ದೋಳು!" ಬೀದಿಗೆಲ್ಲ ಕೇಳಿಸುವ ಹಾಗೆ ಬೈದರು. ಅಷ್ಟು ಚೆನ್ನಾಗಿ ಬೈಸಿಕೊಂಡದ್ದು ಮದುವೆಯಾದ ಹೊಸದರಲ್ಲೂ ಇಲ್ಲ. ಮಗ ಬೇರೆ ದಾರಿಯಿಲ್ಲದೆ, "ಆಯ್ತು ಬುಡವ್ವ, ಏನೋ ಕಾಯ್ಲೆಯವ್ಳು" ಎಂದು ಅಮ್ಮನನ್ನೇ ಸಮಾಧಾನ ಮಾಡಿದರು.

ಕೆಸರೆಗೆ ಹೋದೆವು. ಗುಜರಿಯವನು ನಮ್ಮ ಕಕ್ಕಸನ್ನು ಗೇಟಿನ ಪಕ್ಕ ಬಿಸಿಲಿನಲ್ಲಿಟ್ಟು, ಮಣ್ಣು ತುಂಬಿ ದೊಡ್ಡಪತ್ರೆ ಬೆಳೆಸಿದ್ದ. ಸೊಂಪಾಗಿ ಬೆಳೆದಿತ್ತು. "ಇದು ಸಾಮಾನ್ಯದ್ದಲ್ಲ ಅಕ್ಕ, ದೊರೆಸಾನಿ ಕೂತಿದ್ದು" ಎಂದು ಶುರುಮಾಡಿದ. "ಇನ್ನು ಮೇಲೂ ದೊರೆಸಾನಿಯೇ ಕೂರುವುದು, ತೆಗಿ" ಎಂದು ಗಿಡ ಕೀಳಿಸಿದೆ. ಯಜಮಾನರು ಅದಕ್ಕೆ ನೀರಿನ ಕ್ಯಾನು, ಕೊಳಾಯಿ, ಕೆಳಗೆ ಬಿಗಿ ಮುಚ್ಚಳದ ಡಬ್ಬ ಎಲ್ಲ ಜೋಡಿಸಿದರು. ಡಿಪೋ ಮೆಕ್ಯಾನಿಕ್ಕು, ಒಂದು ಹನಿ ಸೋರಲಿಲ್ಲ. ಬಾಗಿಲಿಗೆ ಆಚಾರ್ರ ಗಿಳಿಗಳು ಹಾಗೇ ಉಳಿದವು, ಗಂಟೆಗಳನ್ನು ಮಾತ್ರ ಅವರು ಹಟ ಹಿಡಿದು ಬಿಚ್ಚಿಕೊಂಡರು. ದೇವರಿಗೆ ಒಂದು ಸಣ್ಣ ಮರದ ಪೆಟ್ಟಿಗೆ ಮಾಡಿಕೊಟ್ಟರು. ಗಾಡಿ ಓಡುವಾಗ ಗಾಲಿ ಮನೆಯಲ್ಲಿ ಯಾರೂ ಕೂರುವಂತಿರಲಿಲ್ಲ. ಹಾಗಾಗಿ ಜೀಪಿನಲ್ಲಿ ಅತ್ತೆಯ ಮಡಿಲಿನಲ್ಲಿ ದೇವರ ಪೆಟ್ಟಿಗೆ, ಹಿಂದೆ ಬೇರೆ ಗಾಲಿಯ ಮೇಲೆ, ಬೇರೆ ಸೂರಿನ ಕೆಳಗೆ ಕಕ್ಕಸು. ಮೇಷ್ಟ್ರೂ ಅದರಲ್ಲಿ ದೋಷ ಹುಡುಕಲಾರದೆ ಹೋದರು.

ಸಂಕ್ರಾಂತಿಯ ಹಿಂದಿನ ದಿನ ಬೆಳಿಗ್ಗೆ ಹೊರಟೆವು. ಪಾಂಡವಪುರ ದಾಟಿದ ಮೇಲೆ ಅತ್ತೆ ನನ್ನ ಮೊಣಕೈ ತಿವಿದರು. "ನಿಲ್ಲಿಸಿ, ನನಗೆ ಹೋಗಬೇಕು" ಎಂದೆ. "ಒಬ್ಳೇ ಇಳಿದ್ರೆ ಬಿದ್ಗಿದ್ದಾಳು" ಎಂದು ಅತ್ತೆಯೂ ನನ್ನ ಜೊತೆ ಇಳಿದರು. ಕೆ.ಆರ್. ಪೇಟೆ ಆದ ಮೇಲೆ ಇನ್ನೊಂದು ಸಲ. ಚನ್ನರಾಯಪಟ್ಟಣದ ಹತ್ತಿರ ಮತ್ತೊಂದು ಸಲ. ನಮ್ಮವರು ಕನ್ನಡಿಯಲ್ಲಿ ನನ್ನ ಮುಖ ನೋಡಿ, "ಡಾಕ್ಟ್ರಿಗೆ ತೋರಿಸಲೇಬೇಕು ಕಣೇ" ಎಂದು ಮರುಗಿದರು. ಆದರೂ ಅತ್ತೆ ನೀರು ಮಾತ್ರ ಕುಡಿಯಲಿಲ್ಲ. ಚೊಂಬು ಕೊಟ್ಟರೆ ಕೈಯಲ್ಲಿ ಹಿಡಿದು ವಾಪಸು ಕೊಡುತ್ತಿದ್ದರು. ಏಳು ವರ್ಷದ ಹೆದರಿಕೆ ಮೂರು ನಿಲುಗಡೆಗೆ ಹೋಗುವಂಥದ್ದಲ್ಲ.

ಅರಸೀಕೆರೆಯಲ್ಲಿ ದೊಡ್ಡತ್ತೆ ಬಾಗಿಲಿಗೇ ಬಂದು ನಿಂತಿದ್ದರು. ಅಕ್ಕ ತಂಗಿ ಮೈಮೇಲೆ ಬಿದ್ದು ಅಪ್ಪಿಕೊಂಡು ಅಳುತ್ತಾರೆ ಎಂದು ನಾನು ಸೆರಗು ಸಿದ್ಧಮಾಡಿಕೊಂಡಿದ್ದೆ. ಅವರು ಒಬ್ಬರ ಕೈ ಒಬ್ಬರು ಹಿಡಿದುಕೊಂಡು "ಸೊರಗೋಗಿದೀಯ", "ನೀನೇ ಸೊರಗಿರದು" ಎಂದು ಜಗಳ ತೆಗೆದರು. ಬೀದಿಯವರೆಲ್ಲ ಗಾಲಿ ಮನೆಯ ಸುತ್ತ ಸೇರಿದರು. ದೊಡ್ಡತ್ತೆಯನ್ನು ಅವರ ಮಗ ರಟ್ಟೆ ಹಿಡಿದು ಒಳಗೆ ಹತ್ತಿಸಿದ. ನಾನು ನನ್ನ ಹಾಸಿಗೆ, ಬಾಗಿದ ಗೋಡೆ, ಮುದ್ದೆ ಕೋಲಿನ ಕೊಕ್ಕೆ ಎಲ್ಲ ತೋರಿಸಿದೆ. ಅವರು ಯಾವುದನ್ನೂ ನೋಡಲಿಲ್ಲ. ಗಿಳಿಯ ಬಾಗಿಲಿಗೆ ಹೋಗಿ ತೆಗೆದರು. ಅಲ್ಲೇ ಬಾಗಿಲು ಹಿಡಿದುಕೊಂಡು ನಿಂತರು.

ಕಿವಿ ಕೇಳದವರ ದನಿ ನಿಮಗೆ ಗೊತ್ತಲ್ಲ. ಗುಟ್ಟು ಹೇಳಿದರೂ ಊರಿಗೆ ಕೇಳಿಸುತ್ತದೆ.

"ಇದ್ರೊಳ್ಗೆ ಕಕ್ಕಸು ಮಡಗಿದ್ದೀರಾ?" ಎಂದು ಕೂಗಿದರು.

ಹೊರಗೆ ನಿಂತ ಇಪ್ಪತ್ತು ಜನ ತಿರುಗಿ ನೋಡಿದರು. ಅತ್ತೆ ಹಣೆಗೆ ಕೈಯಿಟ್ಟುಕೊಂಡರು. ಮೆಲ್ಲಗೆ ತಲೆಯಾಡಿಸಿದರು. ದೊಡ್ಡತ್ತೆಗೆ ಅದು ಸಾಲಲಿಲ್ಲ. "ಆಂ? ಬಾಯ್ಬುಟ್ಟು ಹೇಳು! ಇದ್ರಲ್ಲೇ ಹೋಗ್ಬೋದಾ?"

ಅತ್ತೆ ನನ್ನನ್ನು ನೋಡಿದರು, ಬಾಗಿಲಲ್ಲಿ ನಿಂತಿದ್ದ ತಮ್ಮ ಮಗನನ್ನು ನೋಡಿದರು. ಆಮೇಲೆ ಎರಡೂ ಕೈಯನ್ನು ಬಾಯಿಗೆ ಬೊಗಸೆ ಮಾಡಿ ಹಿಡಿದು, ಹೊಟ್ಟೆಯಿಂದ ದನಿ ತೆಗೆದು ಕೂಗಿದರು: "ಊಂ ಕಣಕ್ಕಯ್ಯ! ಹೋಗ್ಬೋದು! ನಂಗೆ ಅಂತಲೇ ಮಾಡ್ಸವ್ರೆ! ದಾರೀಲಿ ಮೂರು ಸಲ ಹೋಗಿವ್ನಿ!"

"ಅಂಗಾರೆ ನಾನೂ ಬತ್ತೀನಿ ಮೈಸೂರ್ಗೆ. ಇದೊಂದಕ್ಕೇ ಕಣವ್ವ ನಾನು ಎಲ್ಗೂ ಹೋಗ್ದಲೆ ಕುಂತಿದ್ದು" ಎಂದರು ದೊಡ್ಡತ್ತೆ.

ವರ್ಷಗಟ್ಟಲೆ ದಿನಾ ಮುಕ್ಕಾಲು ಗಂಟೆ ಮಾತಾಡಿದ ಅಕ್ಕ ತಂಗಿ ಇದೊಂದನ್ನು ಒಬ್ಬರಿಗೊಬ್ಬರು ಹೇಳಿಕೊಂಡಿರಲಿಲ್ಲ. ನಮ್ಮವರು ನನ್ನ ಪಕ್ಕಕ್ಕೆ ಬಂದು ನಿಂತರು. "ನಿನ್ನ ಶುಗರ್ರು?" ಎಂದು ಮೆಲ್ಲಗೆ ಕೇಳಿದರು. "ವಾಸಿಯಾಯಿತು" ಎಂದೆ. ಅವರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿಕೊಂಡರು.

ಎಳ್ಳು ಬೀರಿ ಮೂರನೆಯ ದಿನ ದೊಡ್ಡತ್ತೆಯನ್ನೂ ಕರೆದುಕೊಂಡು ಹೊರಟೆವು. ಅರಸೀಕೆರೆ ದಾಟಿ ತೆಂಗಿನ ತೋಟಗಳು ಶುರುವಾದವು. ಹಿಂದಿನ ಸೀಟಿನಲ್ಲಿ ಇಬ್ಬರೂ ನನ್ನ ಮೇಲಿನ ಏಳು ವರ್ಷದ ದೂರನ್ನು ಮೊದಲಿನಿಂದ ಶುರುಮಾಡಿಕೊಂಡಿದ್ದರು, ಈಗ ಕೂಗಿಕೊಂಡು. ಮಧ್ಯದಲ್ಲಿ ಅತ್ತೆ ಮಾತು ನಿಲ್ಲಿಸಿ ನನ್ನ ಕಡೆ ಕೈ ಚಾಚಿದರು. ಏನು ಬೇಕೋ ತಿಳಿಯದೆ, ಮುಂದಿನ ಸೀಟಿನಲ್ಲಿ ನನ್ನ ಮಡಿಲಲ್ಲಿದ್ದ ದೇವರ ಪೆಟ್ಟಿಗೆ ಕೊಡಲು ಹೋದೆ. "ಅದಲ್ಲ, ಚೊಂಬು" ಎಂದರು. ಕೊಟ್ಟೆ. ಕತ್ತು ಮೇಲೆ ಮಾಡಿ ಗಟಗಟ ಕುಡಿದರು, ಗಂಟಲು ಏರಿಳಿಯುವುದು ಕಾಣಿಸುತ್ತಿತ್ತು. ಸೆರಗಿನಿಂದ ಬಾಯಿ ಒರೆಸಿಕೊಂಡು, ಉಳಿದ ನೀರನ್ನು ಅಕ್ಕನ ಕೈಗೆ ಕೊಟ್ಟರು.